ಮನೆ ನೋಡಲು ಹೋದಾಗ ನೀರಿನ ದಾರಿ ಹಿಡಿಯಿರಿ

ಮನೆ ಕೊಳ್ಳಬೇಕು ಅಂತಿರುವವರು, ಮಾರಲು ಹೊರಟವರು, ಇರುವ ಮನೆಯನ್ನೇ ಚೆನ್ನಾಗಿ ಇಟ್ಟುಕೊಳ್ಳಬೇಕು ಅನ್ನುವವರು ಸೇರಿದ್ದ ಒಂದು ಸಭೆಯಲ್ಲಿ ಈಚೆಗೆ ಮಾತಾಡಿದ್ದೆ. ಮುಗಿದ ಮೇಲೆ ಕೆಲವರು "ಇದನ್ನು ಬರೆದು ಕೊಡಿ, ಮನೆ ನೋಡಲು ಹೋಗುವಾಗ ಕೈಯಲ್ಲಿ ಇಟ್ಟುಕೊಳ್ಳುತ್ತೇವೆ" ಅಂದರು. ಹಾಗಾಗಿ ಈ ಬರಹ. ಅವತ್ತು ಮಾತಾಡಿದ ಹಾಗೇ ಬರೆದಿದ್ದೇನೆ, ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಮಾತ್ರ ಸೇರಿಸಿದ್ದೇನೆ.

ಶುರುವಿಗೆ ಒಂದು ಪ್ರಶ್ನೆ ಕೇಳಿದೆ. ಮನೆ ನೋಡಲು ಹೋದರೆ ಮೊದಲು ಏನು ನೋಡುತ್ತೀರಿ? ಅಡುಗೆಮನೆ ಅಂದರು ಒಬ್ಬರು. ಗಾಳಿ, ಬೆಳಕು ಅಂದರು ಇನ್ನೊಬ್ಬರು. ರೂಮು ಎಷ್ಟು ದೊಡ್ಡದು, ಗಾಡಿ ನಿಲ್ಲಿಸಲು ಜಾಗ ಇದೆಯಾ, ಹೀಗೆ. ಎಲ್ಲವೂ ಸರಿಯೇ. ಆದರೆ ನಾನು ಮೊದಲು ನೋಡುವುದು ಬಚ್ಚಲುಮನೆ ಗೋಡೆಯ ಆಚೆ ಬದಿ. ಬಚ್ಚಲಿಗೆ ಅಂಟಿಕೊಂಡಿರುವ ರೂಮಿಗೆ ಹೋಗಿ, ಆ ಗೋಡೆಯ ಕೆಳಗಿನ 2 ಅಡಿಗೆ ಅಂಗೈ ಇಟ್ಟು ನೋಡುತ್ತೇನೆ. ತಣ್ಣಗಿದೆಯಾ? ಬಣ್ಣ ಪುಡಿಪುಡಿಯಾಗಿ ಕೈಗೆ ಅಂಟುತ್ತದಾ? ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದಾರಾ?

ಈ ಅಭ್ಯಾಸ ಬಂದದ್ದು ನನ್ನ ಸ್ವಂತ ಮನೆಯಿಂದ. ನಾವು ಕೊಂಡ ಮೊದಲ ಮನೆಯ ಒಂದು ರೂಮಿನಲ್ಲಿ ಮೂರು ಗೋಡೆಯ ಬಣ್ಣ ಹಳೆಯದಾಗಿತ್ತು, ಒಂದು ಗೋಡೆಯದು ಮಾತ್ರ ಹೊಸದು. ಕೇಳಿದ್ದಕ್ಕೆ "ಮಕ್ಕಳು ಗೀಚಿದ್ದರು, ಅದಕ್ಕೇ ಬಳಿಸಿದೆವು" ಅಂದರು. ನಂಬಿದೆ. 4 ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಅದೇ ಗೋಡೆಯಲ್ಲಿ ಸುಟ್ಟ ಗಾಯದ ಬೊಬ್ಬೆ ಥರ ಬಣ್ಣ ಉಬ್ಬಿತ್ತು. ಬೆರಳಿನಿಂದ ಒತ್ತಿದೆ. ಒಡೆದು, ಒಳಗಿಂದ ನೀರು ಇಳಿಯಿತು. ಆಚೆ ಬದಿ ಬಚ್ಚಲು. ನೆಲದ ಟೈಲ್ಸ್ ಒಡೆಸಿದಾಗ ಕೆಳಗಿನ ಮರಳು ಇಡೀ ಕೆಸರಾಗಿತ್ತು, ಕಪ್ಪಗೆ, ವಾಸನೆ ಬೇರೆ. ಪ್ಲಂಬರ್ ಒಂದು ಹಿಡಿ ಎತ್ತಿ ತೋರಿಸಿ "ಇದು ಇವತ್ತು ನಿನ್ನೆಯದಲ್ಲ ಸಾರ್, ವರ್ಷಗಟ್ಟಲೆ ಸೋರಿದೆ" ಅಂದರು. ಪೈಪು ಮತ್ತು ಟ್ರ್ಯಾಪು (ಮೋರಿಯ ಕೆಳಗಿನ ಬಾಗಿದ ಪೈಪು) ಸೇರುವ ಕಡೆ, ಬೆರಳು ತೂರದಷ್ಟು ಸಣ್ಣ ಬಿರುಕು. ಅಷ್ಟಕ್ಕೆ ಒಂದು ಗೋಡೆ, ಒಂದು ಬಚ್ಚಲು, ಎರಡು ತಿಂಗಳ ನೆಮ್ಮದಿ ಹೋಯಿತು.

ಆಮೇಲೆ ಗೆಳೆಯರು, ನೆಂಟರು ಮನೆ ಕೊಳ್ಳುವಾಗಲೆಲ್ಲ ಅವರ ಜೊತೆ ಹೋಗಿದ್ದೇನೆ. ಎಷ್ಟೋ ಮನೆ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಮನೆಯನ್ನು ದಿನದಿನವೂ ತಿನ್ನುವುದು ನೀರು. ಮೇಲಿಂದ ಮಳೆಯಾಗಿ ಬರುತ್ತದೆ, ಕೆಳಗಿಂದ ನೆಲದ ತೇವವಾಗಿ ಏರುತ್ತದೆ, ಒಳಗೆ ಪೈಪಿನಲ್ಲಿ ಓಡಾಡುತ್ತದೆ, ಗಾಳಿಯಲ್ಲೂ ಇರುತ್ತದೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದರೆ ಮನೆ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಹಾಗಾಗಿ ಸಾಧ್ಯವಿದ್ದರೆ ಮಳೆ ಬರುವಾಗ ಮನೆ ನೋಡಲು ಹೋಗಿ. ಆಗದಿದ್ದರೆ ಮಳೆಯ ಮಾರನೇ ದಿನ. ಬಿಸಿಲಿನಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಒಂದು ಸಲ ಹಗಲು, ಒಂದು ಸಲ ರಾತ್ರಿ ಹೋಗುವುದೂ ಒಳ್ಳೆಯದು, ಸದ್ದು ಮತ್ತು ನೀರಿನ ಒತ್ತಡ ಎರಡೂ ಹೊತ್ತಿಗೆ ತಕ್ಕ ಹಾಗೆ ಬದಲಾಗುತ್ತವೆ.

ಆ ಬಚ್ಚಲಿನ ಗೋಡೆ ನೋಡಿದ ಮೇಲೆ ನೇರ ತಾರಸಿ ಹತ್ತಿ. ಮನೆ ತೋರಿಸುವವರು ಕೆಳಗಿಂದ ಶುರು ಮಾಡುತ್ತಾರೆ, ತಾರಸಿಗೆ ಬರುವಷ್ಟರಲ್ಲಿ ನಮಗೆ ಸಾಕಾಗಿರುತ್ತದೆ, "ಮೇಲೇನಿದೆ, ಖಾಲಿ ತಾರಸಿ ತಾನೇ" ಅಂತ ಬಿಟ್ಟು ಬರುತ್ತೇವೆ. ಬಿಡಬೇಡಿ. ತಾರಸಿಯ ನೆಲ ನೀರು ಹೋಗುವ ಕಿಂಡಿಯ ಕಡೆಗೆ ಇಳಿಜಾರಾಗಿರಬೇಕು, 100 ಅಡಿಗೆ 1 ಅಡಿಯಾದರೂ. ನೀರು ನಿಂತು ಒಣಗಿದ ಕಡೆ ಬಟ್ಟಲಿನ ಅಂಚಿನ ಥರ ದುಂಡಗೆ ಕಪ್ಪು ಗೆರೆ ಉಳಿದಿರುತ್ತದೆ, ಕೆಲವು ಕಡೆ ಪಾಚಿಯೂ ಇರುತ್ತದೆ. ಆ ಜಾಗ ನೆನಪಿಟ್ಟುಕೊಂಡು ಕೆಳಗೆ ಇಳಿದು, ಅದರ ಸರಿಯಾಗಿ ಕೆಳಗಿರುವ ರೂಮಿನ ಮೇಲ್ಭಾಗ ನೋಡಿ. ಕಂದು ಬಣ್ಣದ ಉಂಗುರ ಕಂಡರೆ ನೀರು ಇಳಿದಿದೆ. ಒಂದರ ಸುತ್ತ ಒಂದು ಉಂಗುರ ಇದ್ದರೆ ಒಂದಕ್ಕಿಂತ ಜಾಸ್ತಿ ಸಲ ಇಳಿದಿದೆ. ಇಳಿಜಾರು ಚಾವಣಿಯ ಮನೆಯಾದರೆ ಹಗಲಲ್ಲಿ ಅಟ್ಟ ಹತ್ತಿ, ದೀಪ ಆರಿಸಿ, ಎಲ್ಲಿಂದ ಬೆಳಕು ಒಳಗೆ ಬರುತ್ತದೆ ನೋಡಿ. ಬೆಳಕು ಬರುವ ಕಡೆ ನೀರೂ ಬರುತ್ತದೆ.

ಬಚ್ಚಲಿನಲ್ಲಿ ಒಂದು ಬಕೆಟ್ ನೀರು ನೆಲಕ್ಕೆ ಸುರಿಯಲು ಅನುಮತಿ ಕೇಳಿ. ಸಂಕೋಚ ಬೇಡ, ಜೀವಮಾನದ ದುಡ್ಡು ಹಾಕುತ್ತಿದ್ದೀರಿ. ನೀರು ತಾನಾಗೇ ಮೋರಿಯ ಕಡೆಗೆ ಹರಿಯಬೇಕು, ಮೂಲೆಯಲ್ಲಿ ನಿಲ್ಲಬಾರದು, ಬಾಗಿಲಿನ ಕಡೆಗಂತೂ ಬರಲೇಬಾರದು. ಹಾಗೇ ಒಂದು ನಾಣ್ಯ ತೆಗೆದು ಟೈಲ್ಸ್ ಮೇಲೆ ಅಲ್ಲಲ್ಲಿ ತಟ್ಟಿ. ಗಟ್ಟಿ ಕೂತಿದ್ದರೆ ಟಕ್ ಟಕ್ ಅನ್ನುತ್ತದೆ. ಅಡಿಯಲ್ಲಿ ಗಾರೆ ಬಿಟ್ಟಿದ್ದರೆ ಟೊಳ್ಳು ಸದ್ದು ಬರುತ್ತದೆ, ಒಮ್ಮೆ ಕೇಳಿದರೆ ಕಿವಿಗೆ ಗೊತ್ತಾಗಿಬಿಡುತ್ತದೆ. ಒಂದೆರಡು ಟೈಲ್ಸ್ ಹಾಗಿದ್ದರೆ ಚಿಂತೆಯಿಲ್ಲ. ಮೋರಿಯ ಸುತ್ತಲೂ ಹಾಗೇ ಇದ್ದರೆ ಅಡಿಯಲ್ಲಿ ನೀರು ಓಡಾಡುತ್ತಿರಬಹುದು. ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಸಿ ನೋಡಿ, ಸುಮ್ನೆ ಇಣುಕಿದರೆ ಸಾಲದು. ಹಸಿ ಮರದ ಮುಗ್ಗಲು ವಾಸನೆಯನ್ನು ಯಾರೂ ಬಣ್ಣ ಬಳಿದು ಮುಚ್ಚಲಾರರು.

ನನಗೆ ತುಂಬಾ ಇಷ್ಟದ ಪರೀಕ್ಷೆ ನೀರಿನ ಮೀಟರಿನದು. ಮನೆಯ ಎಲ್ಲ ನಲ್ಲಿ ಮುಚ್ಚಿಸಿ, ಮೀಟರಿನ ಅಂಕಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ಗಂಟೆ ಬಿಟ್ಟು ಮತ್ತೆ ತೆಗೆಯಿರಿ. ಯಾರೂ ನೀರು ಬಳಸದೆ, ಟ್ಯಾಂಕೂ ತುಂಬದೆ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಕಕ್ಕಸಿನ ಫ್ಲಶ್ ಟ್ಯಾಂಕು ಸೋರುವುದು ಕಣ್ಣಿಗೂ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಅದಕ್ಕೆ ಟ್ಯಾಂಕಿನೊಳಗೆ ಯಾವುದಾದರೂ ಗಾಢ ಬಣ್ಣದ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಬಣ್ಣ ಕೆಳಗಿನ ಬೇಸಿನ್‌ಗೆ ಇಳಿದಿದ್ದರೆ ಒಳಗಿನ ರಬ್ಬರ್ ಸವೆದಿದೆ. ಅದನ್ನು ಬದಲಿಸುವುದು ಸಣ್ಣ ಖರ್ಚು, ಬಿಟ್ಟರೆ ಹಗಲು ರಾತ್ರಿ ನೀರು ಹರಿಯುತ್ತಲೇ ಇರುತ್ತದೆ. ಹನಿ ನಲ್ಲಿಯೂ ಹಾಗೇ. ಸೆಕೆಂಡಿಗೆ ಒಂದೇ ಹನಿ ಅಂದುಕೊಂಡರೂ ದಿನಕ್ಕೆ 86,400 ಹನಿ. ನಂಬಿಕೆ ಬರದಿದ್ದರೆ ರಾತ್ರಿ ಒಂದು ಪಾತ್ರೆ ಇಟ್ಟು ಮಲಗಿ.

ಗೋಡೆಯ ತೇವದ ವಿಚಾರಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡುತ್ತೇನೆ, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ತೇವ ಕಂಡ ಕೂಡಲೇ ಬಣ್ಣದವರನ್ನು ಕರೆಸುತ್ತಾರೆ. ಅವರು ಕೆರೆದು, ಪುಟ್ಟಿ ಹಾಕಿ, ವಾಟರ್‌ಪ್ರೂಫ್ ಬಣ್ಣ ಬಳಿದು ಹೋಗುತ್ತಾರೆ. ಮುಂದಿನ ವರ್ಷ ಅದೇ ಜಾಗ. ಅವರ ತಪ್ಪೇನಿಲ್ಲ, ಹೇಳಿದ ಕೆಲಸ ಮಾಡಿದ್ದಾರೆ. ನೀರು ಎಲ್ಲಿಂದ ಬರುತ್ತಿದೆ ಅಂತ ನಾವು ಹುಡುಕಿಸಲಿಲ್ಲ, ಅಷ್ಟೇ.

ತೇವ ಇರುವ ಎತ್ತರವೇ ಅರ್ಧ ಉತ್ತರ ಹೇಳುತ್ತದೆ. ನೆಲದಿಂದ ಶುರುವಾಗಿ ಸುಮಾರು 3 ಅಡಿಯ ಆಸುಪಾಸಿಗೆ ನಿಂತು, ಅಲ್ಲಿ ಅಲೆಯಂಥ ಗೆರೆ ಮೂಡಿದ್ದರೆ ಅದು ಬಹುಮಟ್ಟಿಗೆ ಪಾಯದಿಂದ ಏರಿದ ತೇವ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳು ನೆಲದ ನೀರನ್ನು ಮೇಲಕ್ಕೆ ಎಳೆಯುತ್ತವೆ. ನೀರು ಆರಿಹೋಗುತ್ತದೆ, ಅದರಲ್ಲಿದ್ದ ಉಪ್ಪು ಗೋಡೆಯ ಮೈಮೇಲೆ ಬೆಳ್ಳಗೆ ಪುಡಿಯಾಗಿ ಉಳಿಯುತ್ತದೆ. ಇದನ್ನು ತಡೆಯಲೆಂದೇ ಕಟ್ಟುವಾಗ ಪಾಯದ ಮೇಲೆ, ಗೋಡೆ ಎಬ್ಬಿಸುವ ಮುಂಚೆ, ನೀರು ದಾಟದ ಒಂದು ಪದರ ಹಾಕಬೇಕು. ಹಾಕದಿದ್ದರೆ, ಅಥವಾ ಆಮೇಲೆ ಯಾರೋ ಅಂಗಳಕ್ಕೆ ಮಣ್ಣು ತುಂಬಿಸಿ ಆ ಪದರಕ್ಕಿಂತ ಮೇಲಕ್ಕೆ ಏರಿಸಿದ್ದರೆ, ಈ ತೊಂದರೆ ಬರುತ್ತದೆ. ಎಷ್ಟೋ ಸಲ ಗೋಡೆಗೆ ಒತ್ತಿಕೊಂಡಿರುವ ಮಣ್ಣನ್ನು ಒಂದಡಿ ಕೆಳಗೆ ತೆಗೆಸಿ, ನೀರು ಗೋಡೆಯಿಂದ ಆಚೆಗೆ ಹರಿಯುವ ಹಾಗೆ ಇಳಿಜಾರು ಮಾಡಿಸಿದರೇ ಅರ್ಧ ವಾಸಿಯಾಗುತ್ತದೆ. ಬಣ್ಣದ ಡಬ್ಬಿ ಆಮೇಲೆ ತಂದರಾಯಿತು.

ಗೋಡೆಯ ಮಧ್ಯದಲ್ಲಿ ಒಂದೇ ಕಡೆ ತೇವ ಇದ್ದರೆ ಪೈಪನ್ನು ಅನುಮಾನಿಸಿ. ಕಿಟಕಿಯ ಕೆಳಮೂಲೆಯಲ್ಲಿದ್ದರೆ ಹೊರಗಿನ ಕಿಟಕಿ ಕಟ್ಟೆಯ ಇಳಿಜಾರು ನೋಡಿ. ಮೂಲೆಗಳಲ್ಲಿ, ಬೀರುವಿನ ಹಿಂದೆ ಕಪ್ಪು ಚುಕ್ಕಿ ಚುಕ್ಕಿಯಾಗಿ ಬೂಷ್ಟು ಹಿಡಿದಿದ್ದರೆ ಅದು ಸೋರಿಕೆಯೇ ಆಗಬೇಕಿಲ್ಲ, ಒಳಗಿನ ಹಬೆ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿರಬಹುದು. ಯಾವುದು ಅಂತ ತಿಳಿಯಲು ಸುಲಭದ ದಾರಿ ಇದೆ. ಅಂಗೈ ಅಗಲದ ಅಲ್ಯೂಮಿನಿಯಂ ಹಾಳೆ ತೆಗೆದುಕೊಂಡು ಗೋಡೆಯನ್ನು ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹೊರಮೈ ಮೇಲೆ ನೀರಿನ ಹನಿ ಕೂತಿದ್ದರೆ ಅದು ರೂಮಿನ ಗಾಳಿಯದು, ಕಿಟಕಿ ತೆರೆಯಿರಿ, ಬಚ್ಚಲಿಗೆ ಫ್ಯಾನ್ ಹಾಕಿಸಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ. ಹಾಳೆ ತೆಗೆದಾಗ ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಒಂದು ತುಂಡು ಹಾಳೆ ಎಷ್ಟು ಖರ್ಚು ಉಳಿಸುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಬೂಷ್ಟಿನ ಬಗ್ಗೆ ಇನ್ನೊಂದು ಮಾತು. ಏನೇ ಒದ್ದೆಯಾಗಲಿ, 24ರಿಂದ 48 ಗಂಟೆಯೊಳಗೆ ಒಣಗಿಸಿಬಿಡಿ. ಅಷ್ಟರೊಳಗೆ ಒಣಗಿದರೆ ಬೂಷ್ಟು ಬಹುಮಟ್ಟಿಗೆ ಬೇರೂರುವುದಿಲ್ಲ.

ಬಿರುಕು ಕಂಡರೆ ಜನ ಹೆದರುತ್ತಾರೆ, ಹೆದರಬೇಕಾದ ಬಿರುಕನ್ನು ಬಿಟ್ಟು ಬೇರೆಯದಕ್ಕೆ. ಗಿಲಾಯಿಯ ಮೇಲೆ ಜೇಡರ ಬಲೆಯಂತೆ ಕೂದಲೆಳೆಯ ಬಿರುಕು ಇದ್ದರೆ ಅದು ಒಣಗುವಾಗ ಬಂದದ್ದು, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಹೋಗ್ತಾ ಹೋಗ್ತಾ ಅಗಲವಾದರೆ, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲಿನಂತೆ ಇಳಿದರೆ, ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ, ಪಾಯ ಒಂದು ಕಡೆ ಇಳಿದಿರಬಹುದು. ಆ ಮನೆಯ ಬಾಗಿಲುಗಳನ್ನೂ ಹಾಕಿ ತೆಗೆದು ನೋಡಿ, ಎಲ್ಲೋ ಒಂದು ಮೇಲ್ಮೂಲೆಯಲ್ಲಿ ತಗುಲುತ್ತಿರುತ್ತದೆ.

ಕಂಬ, ತೊಲೆ, ಸ್ಲ್ಯಾಬಿನಲ್ಲಿ ಕಂಬಿಯ ಉದ್ದಕ್ಕೇ ನೇರವಾಗಿ ಬಂದ ಬಿರುಕಿಗೆ ಅರ್ಥವೇ ಬೇರೆ. ಹೊಸ ಕಾಂಕ್ರೀಟು ತುಂಬಾ ಕ್ಷಾರ, ಆ ಕ್ಷಾರವೇ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವರ್ಷ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಕ್ಷಾರ ಕಡಿಮೆ ಮಾಡುತ್ತದೆ. ಜೊತೆಗೆ ನೀರೂ ಸೇರಿದರೆ ತುಕ್ಕು ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಕೇಳುತ್ತದೆ. ಜಾಗ ಸಿಗದೆ ಒಳಗಿಂದಲೇ ಕಾಂಕ್ರೀಟನ್ನು ಒದ್ದು ಬಿರಿಸುತ್ತದೆ, ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸ್ಲ್ಯಾಬಿನ ಕೆಳಗೆ ಕಂಬಿ ಕಾಣುತ್ತಿರುವ ಮನೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಕೊಳ್ಳಬೇಡಿ. ಸಿಮೆಂಟು ಮೆತ್ತಿ ಮುಚ್ಚಿದ್ದಾರೆ ಅಂದರೆ ಸಮಾಧಾನಪಡಬೇಡಿ. ತುಕ್ಕು ಕೆರೆಯದೆ ಮೆತ್ತಿದ ಸಿಮೆಂಟಿನ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ.

ಇರುವ ಮನೆಯ ಬಿರುಕಿಗೆ ಒಂದು ಪೆನ್ಸಿಲ್ ಸಾಕು. ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ನಮ್ಮ ಮಹಡಿ ಮೆಟ್ಟಿಲ ಪಕ್ಕ ಅಂಥ ಒಂದು ಬಿರುಕು ಇದೆ. ಮೊದಲ ವರ್ಷ ಗೆರೆ ದಾಟಿ ಎರಡು ಬೆರಳು ಮುಂದೆ ಹೋಯಿತು. ಹೊಸ ಗೆರೆ, ಹೊಸ ತಾರೀಖು. ಎರಡನೇ ವರ್ಷ ಒಂದು ಅಕ್ಕಿಕಾಳಷ್ಟು. ಆಮೇಲೆ ಕದಲಿಲ್ಲ. ಮೂರು ಗೆರೆಗಳೂ ಹಾಗೇ ಇವೆ, ಬಣ್ಣ ಹೊಡೆಸುವಾಗಲೂ ಆ ಜಾಗ ಬಿಡಿಸಿದ್ದೇನೆ. ನಿಂತ ಬಿರುಕು ಹಳೆಯ ಗಾಯದ ಗುರುತು. ಬೆಳೆಯುತ್ತಿರುವ ಬಿರುಕಿಗೆ ಎಂಜಿನಿಯರನ್ನು ಕರೆಸಬೇಕು.

ಕರೆಂಟಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಚಿಕ್ಕ ವಿಷಯ ಅಂತಲ್ಲ, ಇಲ್ಲಿ ನೀವು ಕೈ ಹಾಕುವುದು ಕಡಿಮೆ ಇರಬೇಕು ಅಂತ. ಮೇನ್ ಬೋರ್ಡಿನಲ್ಲಿ ಎಂಸಿಬಿ, ಅಂದರೆ ಹೊರೆ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು, ಇದ್ದರೆ ಸಾಲದು. ಅದು ವೈರಿಂಗನ್ನು ಕಾಯುತ್ತದೆ, ಮನುಷ್ಯರನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್ಚು. ಅದರ ಮೇಲೆ ಟೆಸ್ಟ್ ಅನ್ನುವ ಗುಂಡಿ ಇರುತ್ತದೆ, ಒತ್ತಿದ ಕೂಡಲೇ ಕರೆಂಟು ಕಡಿಯಬೇಕು. ಕಡಿಯದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಗೀಸರ್ ಹಾಕಿದಾಗ ದೀಪ ಮಂಕಾಗುವುದು, ಸ್ವಿಚ್ಚಿನ ತಟ್ಟೆ ಬಿಸಿಯಾಗುವುದು, ಪ್ಲಗ್ಗಿನ ತೂತಿನ ಸುತ್ತ ಕಂದು ಬಣ್ಣ, ಇವು ಮೂರರಲ್ಲಿ ಒಂದು ಕಂಡರೂ ಎಲೆಕ್ಟ್ರಿಷಿಯನ್‌ಗೆ ಅದೇ ದಿನ ಫೋನ್ ಮಾಡಿ. ಇನ್ನು ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲೊಳಗೆ ಇಡಲೇಬೇಡಿ. ಅದರಿಂದ ಬರಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಈ ಮಾತು ಹೇಳುವಾಗ ಸಭೆಯಲ್ಲಿ ಎರಡು ಸಲ ಹೇಳಿದೆ, ಇಲ್ಲೂ ಎರಡು ಸಲ ಓದಿಕೊಳ್ಳಿ.

ಕಾಗದಪತ್ರದ ವಿಷಯ ಊರಿಂದ ಊರಿಗೆ ಬೇರೆ, ಹಾಗಾಗಿ ಒಂದೇ ಮಾತು. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ, ಮಾರುವವರು ಸೂಚಿಸಿದವರನ್ನಲ್ಲ. ಮಾರುವವರಿಗೆ ಮಾರುವ ಹಕ್ಕು ಇದೆಯಾ, ಮನೆಯ ಮೇಲೆ ಸಾಲ ಇದೆಯಾ, ಕಾಗದದಲ್ಲಿರುವ ಅಳತೆಯೂ ನೆಲದ ಮೇಲಿನ ಅಳತೆಯೂ ಒಂದೇನಾ, ಮಂಜೂರಾದ ನಕ್ಷೆಯಂತೆಯೇ ಕಟ್ಟಿದ್ದಾರಾ. ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಸಿಗುವ ತನಕ ಮುಂಗಡ ಕೊಡಬೇಡಿ.

ಸಾಲ ಮಾಡುವವರು ಒಂದು ಲೆಕ್ಕ ಕೇಳಿ. ಶೇಕಡಾ 9ರ ಬಡ್ಡಿಗೆ 20 ವರ್ಷದ ಸಾಲ ತೆಗೆದರೆ, ಪಡೆದ ಪ್ರತಿ 100ಕ್ಕೆ ಒಟ್ಟು ಸುಮಾರು 216 ಕಟ್ಟುತ್ತೀರಿ. ಮೊದಲ ಕಂತಿನ ಆರು ಭಾಗದಲ್ಲಿ ಐದು ಭಾಗ ಬಡ್ಡಿಗೇ ಹೋಗುತ್ತದೆ. 10 ವರ್ಷ ತಪ್ಪದೆ ಕಟ್ಟಿದ ಮೇಲೆ ಅರ್ಧ ತೀರಿತು ಅಂದುಕೊಳ್ಳುತ್ತೇವೆ, ಅಲ್ವಾ? ಅಸಲಿನ 100ರಲ್ಲಿ ಸುಮಾರು 71 ಭಾಗ ಇನ್ನೂ ಹಾಗೇ ಇರುತ್ತದೆ. ಸಾಲ ಬೇಡ ಅಂತ ಹೇಳುತ್ತಿಲ್ಲ. ಶುರುವಿನ ವರ್ಷಗಳಲ್ಲಿ ಕೈಗೆ ಬಂದ ಹೆಚ್ಚಿನ ದುಡ್ಡನ್ನು ಅಸಲಿಗೆ ಕಟ್ಟಿ, ಅದರ ಫಲ ಕೊನೆಯ ವರ್ಷಗಳಲ್ಲಿ ಕಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ. ಹಾಗೇ ಇರುವುದನ್ನೆಲ್ಲ ಕೊಳ್ಳುವುದಕ್ಕೇ ಸುರಿಯಬೇಡಿ. ಮನೆಯ ಬೆಲೆಯ ಶೇಕಡಾ 1ರಷ್ಟನ್ನು ವರ್ಷವರ್ಷವೂ ರಿಪೇರಿಗೆ ತೆಗೆದಿಡಬೇಕು ಅನ್ನುವುದು ಎಲ್ಲ ಕಡೆ ಹೇಳುವ ಅಂದಾಜು. ಒಂದು ವರ್ಷ ಏನೂ ಖರ್ಚಾಗದಿರಬಹುದು, ಇನ್ನೊಂದು ವರ್ಷ ತಾರಸಿ ಪೂರ್ತಿ ಮಾಡಿಸಬೇಕಾಗಿ ಬರಬಹುದು.

ಮನೆ ನಿಮ್ಮದಾದ ಮೇಲೆ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಮೇಲಿಂದ ಕೆಳಗೆ ನೀರು ಇಳಿಯುವ ದಾರಿಯಲ್ಲೇ ನಡೆಯಿರಿ. ತಾರಸಿಯ ಕಿಂಡಿಯಲ್ಲಿ ಕೂತ ಎಲೆ ತೆಗೆಯಿರಿ, ಒಂದು ಹಿಡಿ ತರಗೆಲೆ ಸಾಕು ತಾರಸಿಯನ್ನು ಕೆರೆ ಮಾಡಲು. ಹೂಕುಂಡಗಳನ್ನು ನೇರ ನೆಲದ ಮೇಲೆ ಇಡಬೇಡಿ, ಇಟ್ಟಿಗೆ ಕೊಟ್ಟು ಎತ್ತರಿಸಿ. ಗೋಡೆಯ ಸಂದಿನಲ್ಲಿ ಚಿಗುರಿದ ಆಲ, ಅರಳಿ ಸಸಿಯನ್ನು ಬೇರುಸಹಿತ ತೆಗೆಸಿ. ಮೇಲಿಂದ ಚಿವುಟಿದರೆ ಬೇರು ಒಳಗೇ ದಪ್ಪವಾಗುತ್ತದೆ. ಬಚ್ಚಲಿನ ಟೈಲ್ಸ್ ಸಂದಿನ ಗ್ರೌಟ್ ಉದುರಿದ್ದರೆ ತುಂಬಿಸಿ. ಗೀಸರಿನ ಒಳಗೆ ಮೆಗ್ನೀಸಿಯಂ ಕಡ್ಡಿ ಇರುತ್ತದೆ, ಟ್ಯಾಂಕಿನ ಬದಲು ತಾನು ಸವೆಯಲೆಂದೇ ಹಾಕಿದ್ದು ಅದು. ಪೂರ್ತಿ ಸವೆದ ಮೇಲೆ ಟ್ಯಾಂಕಿನ ಸರದಿ. ಸರ್ವಿಸಿಗೆ ಬಂದವರಿಗೆ ಅದನ್ನು ತೆಗೆದು ತೋರಿಸಲು ಹೇಳಿ.

ಬಳಸದ ಬಚ್ಚಲಿನಿಂದ ಮೋರಿ ವಾಸನೆ ಬರುತ್ತದೆ ಅಂತ ಎಷ್ಟೋ ಜನ ಪ್ಲಂಬರನ್ನು ಕರೆಸುತ್ತಾರೆ. ಮೊದಲು ಒಂದು ಚೊಂಬು ನೀರು ಹಾಕಿ ನೋಡಿ. ಮೋರಿಯ ಬಾಗಿದ ಪೈಪಿನಲ್ಲಿ ಎರಡು ಇಂಚಿನಷ್ಟು ನೀರು ಸದಾ ನಿಂತು ವಾಸನೆಯನ್ನು ತಡೆದಿರುತ್ತದೆ. ಅಲೆಕ್ಸಾಂಡರ್ ಕಮ್ಮಿಂಗ್ ಅನ್ನುವ ಗಡಿಯಾರ ಮಾಡುವವರು 1775ರಲ್ಲಿ ಪೇಟೆಂಟ್ ಪಡೆದ ಕಕ್ಕಸಿನಲ್ಲಿ ಈ ಬಾಗಿದ ಪೈಪು ಇತ್ತು, ಇವತ್ತಿಗೂ ಅದೇ ಉಪಾಯ. ತಿಂಗಳುಗಟ್ಟಲೆ ಬಳಸದಿದ್ದರೆ ಆ ನೀರು ಆರಿಹೋಗುತ್ತದೆ, ಅಷ್ಟೇ. ಹಳೆಯ ಮನೆಯ ಬಣ್ಣ ಕೆರೆಸುವವರಿಗೂ ಒಂದು ಎಚ್ಚರಿಕೆ: ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಅಮೆರಿಕದಲ್ಲಿ ಮನೆಗಳಿಗೆ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಒಣ ಉಜ್ಜಿಸಬೇಡಿ, ಒದ್ದೆ ಮಾಡಿ ಕೆರೆಸಿ, ಆ ಕೆಲಸ ಮುಗಿಯುವ ತನಕ ಚಿಕ್ಕ ಮಕ್ಕಳನ್ನು ದೂರ ಇಡಿ.

ಮಾರುವವರ ಕಡೆಗೆ ಬರುತ್ತೇನೆ. ಮಾರುವಾಗ ನಮ್ಮ ಮನೆ ನಮಗೆ ಜಾಸ್ತಿ ಬೆಲೆಯದಾಗಿ ಕಾಣುತ್ತದೆ. ಇದು ಮನುಷ್ಯರ ಸ್ವಭಾವ. ಕಾನೆಮನ್, ನೆಟ್ಷ್, ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಇಲ್ಲದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಕೈಯಲ್ಲಿದ್ದವರು ಕೇಳಿದ್ದು ಇಲ್ಲದವರು ಕೊಡುತ್ತೇನೆ ಅಂದದ್ದರ ಸುಮಾರು ಎರಡು ಪಟ್ಟು. ಆಗಷ್ಟೇ ಸಿಕ್ಕ ಮಗ್ಗಿಗೇ ಹೀಗಾದರೆ, ಮಕ್ಕಳು ಅಂಬೆಗಾಲಿಟ್ಟ ಮನೆಗೆ ಹೇಗಾಗಬೇಡ! ಆದರೆ ಕೊಳ್ಳುವವರು ನಮ್ಮ ನೆನಪಿಗೆ ದುಡ್ಡು ಕೊಡುವುದಿಲ್ಲ. ಸುತ್ತಮುತ್ತ ಈಚೆಗೆ ನಿಜವಾಗಿ ಮಾರಾಟವಾದ ಮನೆಗಳ ಬೆಲೆ ಕೇಳಿ ತಿಳಿಯಿರಿ, ಮಾರಾಟಕ್ಕಿಟ್ಟ ಮನೆಗಳ ಬೆಲೆಯಲ್ಲ.

ಹೇಳಿದ ಬೆಲೆ ಎಲ್ಲರ ತಲೆಯಲ್ಲೂ ಕೂರುತ್ತದೆ ಅನ್ನುವುದೂ ನಿಜ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಇದನ್ನು ಪರೀಕ್ಷಿಸಿದರು. ಒಂದೇ ಮನೆ, ಒಂದೇ ವಿವರ, ಬೇರೆ ಬೇರೆ ದಲ್ಲಾಳಿಗಳಿಗೆ ಕೊಟ್ಟ ಕಾಗದದಲ್ಲಿ ಕೇಳುವ ಬೆಲೆ ಮಾತ್ರ ಬೇರೆ ಬೇರೆ. ಜಾಸ್ತಿ ಬೆಲೆ ನೋಡಿದವರು ಮನೆಗೆ ಜಾಸ್ತಿ ಬೆಲೆ ಕಟ್ಟಿದರು, ಕಡಿಮೆ ನೋಡಿದವರು ಕಡಿಮೆ. ಅದೇ ಕಸುಬಿನವರೂ ಇದಕ್ಕೆ ಸಿಕ್ಕಿಬಿದ್ದರು, ಮೇಲಾಗಿ ಕೇಳಿದ ಬೆಲೆಯಿಂದ ನಮ್ಮ ಲೆಕ್ಕ ಬದಲಾಗಿಲ್ಲ ಅಂತಲೇ ಹೆಚ್ಚಿನವರು ನಂಬಿದ್ದರು. ಹಾಗಾಗಿ ಕೊಳ್ಳುವವರಿಗೆ ನನ್ನ ಮಾತು: ಮಾರುವವರ ಬೆಲೆ ಕೇಳುವ ಮುಂಚೆಯೇ ನಿಮ್ಮ ಬೆಲೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ಮಾರುವವರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದ್ದು, ತೇವದ ಮೇಲೆ ಬಣ್ಣ ಬಳಿದು ತೋರಿಸಬೇಡಿ. ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದರು. ಕಾರಿನ ದೋಷ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಎಲ್ಲ ಕಾರನ್ನೂ ಅನುಮಾನಿಸಿ ಕಡಿಮೆ ಬೆಲೆ ಹೇಳುತ್ತಾರೆ, ಒಳ್ಳೆಯ ಕಾರಿನವರು ಆ ಬೆಲೆಗೆ ಮಾರಲಾರದೆ ಹಿಂದೆ ಸರಿಯುತ್ತಾರೆ. 2001ರ ನೊಬೆಲ್ ಅವರಿಗೆ ಬಂದದ್ದು ಈ ವಿಚಾರಕ್ಕೇ. ಮನೆಯೂ ಹೀಗೇ. ಅನುಮಾನಕ್ಕೆ ಕೊಳ್ಳುವವರು ಕಳೆಯುವ ಬೆಲೆ ರಿಪೇರಿಯ ಖರ್ಚಿಗಿಂತ ಹೆಚ್ಚಾಗಿರುತ್ತದೆ, ನಾನು ನೋಡಿದ ಮಾರಾಟಗಳಲ್ಲಂತೂ ಹಾಗೇ ಆಗಿದೆ.

ಅನುಮಾನ ಕಳೆಯಲು ಒಂದು ಫೈಲು ಸಾಕು. ನಾನು ಕಂಡ ಅತಿ ಸಲೀಸಾದ ಮಾರಾಟ ನಡೆದದ್ದು ವಯಸ್ಸಾದ ದಂಪತಿಯೊಬ್ಬರ ಮನೆಯಲ್ಲಿ. ನಾವು ಕೂತ ಕೂಡಲೇ ಆ ಅಮ್ಮ ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟರು. ತಾರಸಿ ಯಾವಾಗ ಮಾಡಿಸಿದ್ದು, ಯಾವ ಬಣ್ಣ, ಅದರ ನಂಬರು, ವೈರಿಂಗಿನ ನಕ್ಷೆ, ರಸೀತಿಗಳು. ಬಚ್ಚಲಿಗೆ ಟೈಲ್ಸ್ ಹಾಕುವ ಮುಂಚೆ ಗೋಡೆಗೆ ಅಳತೆ ಟೇಪು ಹಿಡಿದು ತೆಗೆದ ಫೋಟೋಗಳೂ ಇದ್ದವು, ಯಾವ ಪೈಪು ಎಷ್ಟು ಎತ್ತರದಲ್ಲಿದೆ ಅಂತ ಕಾಣುವ ಹಾಗೆ. ಮೇಲಿಂದ "ಉತ್ತರದ ರೂಮಿನ ಕಿಟಕಿ ಹತ್ತಿರ ಜೋರು ಗಾಳಿಮಳೆಗೆ ಸ್ವಲ್ಪ ನೀರು ಬರುತ್ತಪ್ಪ, ಎರಡು ಸಲ ರಿಪೇರಿ ಮಾಡಿಸಿದ್ದೀವಿ, ಪೂರ್ತಿ ನಿಂತಿಲ್ಲ" ಅಂತ ತಾವೇ ಹೇಳಿದರು. ಆ ಮಾತು ಕೇಳಿದ ಮೇಲೆ ನನ್ನ ಗೆಳೆಯ ಬೆಲೆಯಲ್ಲಿ ಜಾಸ್ತಿ ಎಳೆದಾಡಲಿಲ್ಲ. ಅವರು ಹೇಳಿದ ಉಳಿದ ಮಾತೆಲ್ಲ ನಿಜ ಅಂತ ಅವನಿಗೆ ಅನ್ನಿಸಿತ್ತು. ಅಂಥ ಫೈಲನ್ನು ಮಾರುವ ತಿಂಗಳಲ್ಲಿ ಮಾಡಲಾಗುವುದಿಲ್ಲ, ಇವತ್ತಿನ ರಸೀತಿಯಿಂದ ಶುರು ಮಾಡಬೇಕು.

ಕೊನೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು "ಸರ್, ಇಷ್ಟೆಲ್ಲ ಒಂದೇ ಸಲ ಆಗಲ್ಲ. ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಬೇಕು ಅಂದರೆ ಯಾವುದು?" ಅಂತ ಕೇಳಿದರು. ನಿಮ್ಮ ಮನೆಗೆ ನೀರು ಬರುವ ಮೇನ್ ವಾಲ್ವ್ ಎಲ್ಲಿದೆ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿರುವವರು ಕೈ ಎತ್ತಿ ಅಂದೆ, ಸಭೆಯಲ್ಲಿ ಅರ್ಧಕ್ಕಿಂತ ಕಡಿಮೆ ಕೈ ಮೇಲೆ ಬಂದವು. ರಾತ್ರಿ ಪೈಪು ಒಡೆದಾಗ ಅದನ್ನು ಹುಡುಕುತ್ತಾ ಕೂರುವ ಹಾಗಾಗಬಾರದು. ಇವತ್ತೇ ಹುಡುಕಿ. ಕೈಯಲ್ಲಿ ತಿರುಗಿಸಿ ನೋಡಿ, ಬಹಳ ವರ್ಷ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ, ಹಾಗಿದ್ದರೆ ಪ್ಲಂಬರ್ ಬಂದು ಬದಲಿಸಲಿ. ತಿರುಗಿದರೆ ಪೂರ್ತಿ ಮುಚ್ಚಿ, ಮನೆಯೊಳಗೆ ಒಂದು ನಲ್ಲಿ ತೆರೆದು ನೀರು ನಿಂತಿತಾ ನೋಡಿ. ಆಮೇಲೆ ಅದಕ್ಕೊಂದು ಚೀಟಿ ಕಟ್ಟಿ, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಮನೆಯಲ್ಲಿರುವ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿ, ಮಕ್ಕಳನ್ನೂ.